ಲೋಕೂರ್ ಅಳತೆಗೋಲು ಮತ್ತು ಬೀದರಿನ ನೆಲ

ಪರಿಶಿಷ್ಟ ಪಂಗಡದ ಮಾತು ಬಂದಲ್ಲೆಲ್ಲ ನಮ್ಮ ವಿದ್ವಾಂಸರು ಬಿ.ಎನ್. ಲೋಕೂರ್ ಸಮಿತಿಯ ಐದು ಲಕ್ಷಣಗಳನ್ನು ತಪ್ಪದೆ ಒಪ್ಪಿಸುತ್ತಾರೆ: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. 1965ರ ಜೂನ್‌ನಲ್ಲಿ ನೇಮಕಗೊಂಡು ಆಗಸ್ಟ್‌ನಲ್ಲೇ ವರದಿ ಕೊಟ್ಟ ಸಮಿತಿಯೊಂದರ ಮಾತು ಇವತ್ತಿಗೂ ಪಂಗಡದ ಬೇಡಿಕೆಗಳಿಗಾಗಿ ನಡೆಯುವ ಕುಲಶಾಸ್ತ್ರೀಯ ಅಧ್ಯಯನಗಳ ಅಧ್ಯಾಯ ವಿಂಗಡಣೆಯನ್ನೇ ನಿರ್ಧರಿಸುತ್ತಿದೆ. ಈ ಐದಕ್ಕೆ ಸಿಕ್ಕ ಮನ್ನಣೆ ಅವುಗಳ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೀದರ್ ಜಿಲ್ಲೆಯಲ್ಲಿ ನಿಂತು ನೋಡಿದರೆ ಅವು ಒಂದೊಂದಾಗಿ ಕಳಚಿ ಬೀಳುತ್ತವೆ.

ಸಂವಿಧಾನದ 342ನೇ ವಿಧಿ, ರಾಜ್ಯದ ಶಿಫಾರಸು, ಭಾರತದ ರಿಜಿಸ್ಟ್ರಾರ್ ಜನರಲ್ ಅವರ ಒಪ್ಪಿಗೆ, ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ, ಸಂಪುಟ, ಸಂಸತ್ತು: ಒಂದು ಸಮುದಾಯ ಪಂಗಡದ ಪಟ್ಟಿ ಸೇರುವ ದಾರಿ ಇದು. ನೇರವಾಗಿ ಬೀದರ್ ಜಿಲ್ಲೆಯ ಔರಾದಿಗೆ ಬರೋಣ.

ಔರಾದ ತಾಲ್ಲೂಕಿನ ಯಾವುದೇ ಲಂಬಾಣಿ ತಾಂಡಾ ತೆಗೆದುಕೊಳ್ಳಿ. ಮನೆಯ ಮಾತು ಗೋರಬೋಲಿ. ನ್ಯಾಯ ಹೇಳಲು ನಾಯಕ, ಡಾವ, ಕಾರಭಾರಿ. ಪೂಜೆಗೆ ಸೇವಾಲಾಲ, ಮರಿಯಮ್ಮ. ನಾರಾಯಣಖೇಡದ ತಾಂಡಾಗಳಲ್ಲೂ ಇದೇ, ಉದಗೀರದ ಕಡೆಯ ತಾಂಡಾಗಳಲ್ಲೂ ಇದೇ. 1956ರವರೆಗೆ ಇವೆಲ್ಲ ಹೈದರಾಬಾದ್ ರಾಜ್ಯದ ಒಂದೇ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ನಾರಾಯಣಖೇಡ ಆಂಧ್ರಕ್ಕೂ ಉದಗೀರ ಮುಂಬೈ ರಾಜ್ಯಕ್ಕೂ ಹೋದವು, ಔರಾದ ಮೈಸೂರಿಗೆ ಬಂತು. ಇಂದು ನಾರಾಯಣಖೇಡದ ಲಂಬಾಣಿ ಪರಿಶಿಷ್ಟ ಪಂಗಡದವನು, ಔರಾದಿನವನು ಪರಿಶಿಷ್ಟ ಜಾತಿಯವನು, ಉದಗೀರದವನು ವಿಮುಕ್ತ ಜಾತಿಯವನು. ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಹಳೇ ಮೈಸೂರಿಗೆ ಸೀಮಿತವಾಗಿದ್ದ ಲಂಬಾಣಿಗಳ ಪರಿಶಿಷ್ಟ ಜಾತಿ ಸ್ಥಾನವನ್ನು ಪ್ರಾದೇಶಿಕ ನಿರ್ಬಂಧ ತೆಗೆದು ಔರಾದಿಗೂ ವಿಸ್ತರಿಸಿದ್ದು 1976ರ ತಿದ್ದುಪಡಿ ಕಾಯ್ದೆ. ನಾರಾಯಣಖೇಡವಿರುವ ತೆಲಂಗಾಣದ ಲಂಬಾಡಿಗಳನ್ನು, ಅಂದರೆ ಲಂಬಾಣಿಗಳನ್ನೇ, ಪಂಗಡದ ಪಟ್ಟಿಗೆ ಸೇರಿಸಿದ್ದೂ ಅದೇ ಕಾಯ್ದೆ. ಲೋಕೂರ್ ವರದಿ ಬಂದು ಹನ್ನೊಂದು ವರ್ಷಗಳ ಮೇಲೆ, ಒಂದೇ ಸಂಸತ್ತು, ಒಂದೇ ಕಾಯ್ದೆಯಲ್ಲಿ, ಒಂದೇ ಜನಕ್ಕೆ ಎರಡು ಉತ್ತರ ಕೊಟ್ಟಿತು. ಲಕ್ಷಣಗಳೇ ತೀರ್ಮಾನಿಸುವುದಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ. ತೀರ್ಮಾನಿಸಿದ್ದು ರಾಜ್ಯಗಳ ಗಡಿ.

ಇನ್ನು ಭೌಗೋಳಿಕ ಪ್ರತ್ಯೇಕತೆ. ಬೀದರ್, ಕಲಬುರಗಿ, ಯಾದಗಿರಿಯ ಕುರುಬರನ್ನು ಗೊಂಡರ ಪರ್ಯಾಯ ಹೆಸರಾಗಿ ಪಂಗಡದ ಪಟ್ಟಿಗೆ ಸೇರಿಸಬೇಕೆಂದು ರಾಜ್ಯ ಕೇಂದ್ರಕ್ಕೆ ಶಿಫಾರಸು ಮಾಡಿದೆ, ಕೇಂದ್ರ ಸ್ಪಷ್ಟನೆ ಕೇಳಿದೆ. ಕೊಡಗಿನ ಕುರುಬ ಈಗಾಗಲೇ ಪಟ್ಟಿಯಲ್ಲಿದ್ದಾನೆ, ಬೀದರ್ ಜಿಲ್ಲೆಯ ಭಾಲ್ಕಿಯ ಕುರುಬ ಹಿಂದುಳಿದ ವರ್ಗದಲ್ಲಿದ್ದಾನೆ. ಭಾಲ್ಕಿಯ ಕುರಿಗಾರನ ಬದುಕು ಹೇಗಿದೆ ನೋಡಿ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ರೈತನಿಂದ ಕಾಳೋ ಹಣವೋ ಪಡೆಯುತ್ತಾನೆ. ಸಂತೆಯಲ್ಲಿ ಮರಿ ಮಾರುತ್ತಾನೆ, ಉಣ್ಣೆ ಕೊಡುತ್ತಾನೆ. ಹತ್ತು ಊರಿನವರೊಂದಿಗೆ ಮಾತುಕತೆ ಇಲ್ಲದೆ ಅವನ ಹಿಂಡು ಉಳಿಯುವುದಿಲ್ಲ. ಇಂಥವನನ್ನು ಪ್ರತ್ಯೇಕವಾಗಿ ಬಾಳುವವನು, ಸಂಕೋಚದವನು ಎಂದು ಬರೆಯಲೇಬೇಕಾದ ಅಧ್ಯಯನ ಅವನ ಕಸುಬನ್ನೇ ಅಳಿಸಿಹಾಕುತ್ತದೆ. ಅವನು ನಿಜಕ್ಕೂ ಕಳೆದುಕೊಂಡದ್ದು ಗಾಯರಾಣ. ಹಿಂಡು ಮೇಯುತ್ತಿದ್ದ ಆ ಸರ್ಕಾರಿ ಭೂಮಿ ಒತ್ತುವರಿಗೂ ಮಂಜೂರಾತಿಗೂ ಕರಗುತ್ತ ಬಂದಿದೆ. ಐದು ಲಕ್ಷಣಗಳಲ್ಲಿ ಅದಕ್ಕೆ ಜಾಗವಿಲ್ಲ.

ಇಲ್ಲಿ ಎರಡು ಬಣಗಳ ಜೊತೆ ನನ್ನ ಜಗಳವಿದೆ. ಬೀದರಿನಲ್ಲಿ ದಟ್ಟ ಕಾಡೆಲ್ಲಿದೆ, ಇಲ್ಲಿನ ಗೊಂಡರೆಲ್ಲ ನಕಲಿ ಎನ್ನುವವರು ಮೊದಲನೆಯವರು. ಹೈದರಾಬಾದ್ ಭಾಗದ ಪಟ್ಟಿಯಲ್ಲಿ ಗೊಂಡ, ನಾಯ್ಕಪೋಡ್, ರಾಜಗೊಂಡರ ಹೆಸರು ಮೊದಲಿನಿಂದಲೂ ಇದೆ ಎಂಬುದನ್ನು ಅವರು ನೆನಪಿಡುವುದಿಲ್ಲ. ತಮ್ಮವರಿಗೆ ನ್ಯಾಯ ಸಿಗಲೆಂದು ಹೊರಟು, ತಮ್ಮವರನ್ನೇ ಆದಿಮರೆಂದು ಚಿತ್ರಿಸುವ ವರದಿಗಳನ್ನು ಹೊಗಳುವವರು ಎರಡನೆಯವರು. ಇವರ ತಪ್ಪು ಹೆಚ್ಚು ನೋವಿನದು. ಮಾನವಶಾಸ್ತ್ರಜ್ಞ ಫ್ಯೂರರ್ ಹೈಮೆಂಡಾರ್ಫ್ ಅವರ ಹೆಸರು ಇಬ್ಬರಿಗೂ ಬೇಕು. 1948ರ ಆದಿಲಾಬಾದ್ ರಾಜಗೊಂಡರ ಗ್ರಂಥದಿಂದ ದೇವರು, ಮದುವೆ, ಹಬ್ಬಗಳನ್ನು ಆರಿಸಿಕೊಂಡು ತಾಳೆ ನೋಡುತ್ತಾರೆ. ನಿಜಾಮನ ವಿರುದ್ಧ ಎದ್ದ ಗೊಂಡ ನಾಯಕ ಕೊಮರಂ ಭೀಮ್ 1940ರಲ್ಲಿ ಜೋಡೇಘಾಟ್‌ನಲ್ಲಿ ಹತನಾದ ಮೇಲೆ ಅದೇ ವಿದ್ವಾಂಸರು ನಿಜಾಮ ಸರ್ಕಾರಕ್ಕೆ ಕೊಟ್ಟ ವರದಿಗಳನ್ನು ಯಾಕೆ ಓದುವುದಿಲ್ಲ? ಅಲ್ಲಿ ಅವರು ಲೆಕ್ಕ ಕೇಳಿದ್ದು ಸರ್ಕಾರವನ್ನು: ಯಾವ ಅರಣ್ಯ ಗಡಿ ಗೊಂಡರ ಹೊಲ ನುಂಗಿತು, ಯಾವ ಪಟ್ಟಾ ಹೊರಗಿನವರ ಪಾಲಾಯಿತು ಎಂದು. ಗೊಂಡರಿಗೆ ಭೂಮಿ ಮರಳಿ ಸಿಗಲು ನೆರವಾದದ್ದು ಆ ವರದಿಗಳೇ.

ಅಳತೆಯೇ ಇಲ್ಲದಿದ್ದರೆ ದೊಡ್ಡ ಸಮುದಾಯಗಳು ನುಗ್ಗಿ ಸಣ್ಣ ಬುಡಕಟ್ಟುಗಳ ಪಾಲು ಕರಗುತ್ತದೆ ಎಂಬ ಭಯ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ರಾಜ್ಯದಲ್ಲಿ ಪಂಗಡದ ಮೀಸಲಾತಿ ಶೇ. 3ರಿಂದ 7ಕ್ಕೆ ಏರಿದ ಮೇಲೂ ಆ ಭಯ ಹೋಗಿಲ್ಲ. ಆದರೆ ಸುಳ್ಳು ಅಳತೆಯಿಂದ ಸಣ್ಣವರಿಗೆ ರಕ್ಷಣೆ ಸಿಗುವುದಿಲ್ಲ. 2014ರಲ್ಲಿ ಹೃಷಿಕೇಶ್ ಪಂಡಾ ನೇತೃತ್ವದ ಕಾರ್ಯಪಡೆ ಈ ಮಾನದಂಡಗಳು ಕಾಲ ಮೀರಿದವು ಎಂದಿತು. ಸಾಂಸ್ಕೃತಿಕ ಹೋಲಿಕೆಯ ಪರೀಕ್ಷೆಯೊಂದರಿಂದಲೇ ಪಂಗಡದ ಪ್ರಮಾಣಪತ್ರದ ಸತ್ಯಾಸತ್ಯವನ್ನು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಮಹಾರಾಷ್ಟ್ರದ ಠಾಕೂರ್ ಬುಡಕಟ್ಟಿನವರ ಪ್ರಕರಣದಲ್ಲಿ ಹೇಳಿತು. ಆದರೂ ನಮ್ಮ ವರದಿಗಳು ಹಳೆಯ ಅಧ್ಯಾಯಗಳನ್ನೇ ತುಂಬಿಸುತ್ತಿವೆ.

ಜನ ಹೇಗಿದ್ದಾರೆ ಎಂದಷ್ಟೇ ಕೇಳುವ ಅಧ್ಯಯನ ಅರ್ಧ ಅಧ್ಯಯನ. ಸರ್ಕಾರ ಅವರಿಗೆ ಏನು ಮಾಡಿತು ಎಂಬುದು ಉಳಿದರ್ಧ. ಭಾಲ್ಕಿ, ಔರಾದ ತಹಸೀಲ್ ಕಚೇರಿಗಳ ಗಾಯರಾಣದ ದಾಖಲೆ, ಅರಣ್ಯ ಅಧಿಸೂಚನೆ, ಹಳೆಯ ಉರ್ದು ಕಾಗದಪತ್ರಗಳನ್ನು ಬಿಚ್ಚಿ ಓದಿದರೆ ಕುರುಬರ ಗೊಂಡ ಬೇಡಿಕೆ ನಿಲ್ಲಬಹುದು, ಬೀಳಲೂಬಹುದು. ಬಿದ್ದರೂ ಕಳೆದುಹೋದ ಹುಲ್ಲುಗಾವಲಿಗೆ ಸರ್ಕಾರ ಉತ್ತರ ಕೊಡಬೇಕಾಗುತ್ತದೆ. ಆ ಕಾಗದಗಳನ್ನು ಮುಟ್ಟದ ಯಾವ ವರದಿಯನ್ನೂ ರಾಜ್ಯ ಸರ್ಕಾರ ಇನ್ನು ಮುಂದೆ ದೆಹಲಿಗೆ ಕಳಿಸಬಾರದು.