ಪ್ರಶ್ನಿಸುವವನ ಮಾತಿಗೆ ಸ್ಥಳ: ಆರಿಜೆನನ ‘ಸೆಲ್ಸಸನಿಗೆ ವಿರುದ್ಧವಾಗಿ’ ಕೃತಿಯ ವಿಮರ್ಶೆ

ವಿಶ್ವಾಸದ ಸಮರ್ಥನೆಗೆ ಆಧಾರವಾಗಿ ನಾವು ಪೇತ್ರನ ಮೊದಲನೆಯ ಪತ್ರಿಕೆಯ 3:15ನ್ನು ಉಲ್ಲೇಖಿಸುತ್ತೇವೆ. ಉತ್ತರ ಕೊಡಲು ಸಿದ್ಧರಾಗಿರಬೇಕೆಂಬ ಭಾಗ ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಆ ಉತ್ತರ ಸೌಮ್ಯವೂ ಗೌರವಯುತವೂ ಆಗಿರಬೇಕೆಂಬ ಭಾಗ ಸುಲಭವಾಗಿ ಮರೆಯಾಗುತ್ತದೆ. ಆದಿಸಭೆಯ ಸಮರ್ಥನಾ ಗ್ರಂಥಗಳಲ್ಲಿ ಹಿರಿದಾದ ಆರಿಜೆನನ ಕೃತಿಯನ್ನು ಈ ಎರಡೂ ಅಳತೆಗಳಿಂದ ಪರಿಶೀಲಿಸುವುದು ಉಚಿತ.

ಎಂಟು ಪುಸ್ತಕಗಳ ಈ ಗ್ರಂಥ ರಚಿತವಾದದ್ದು ಸುಮಾರು ಕ್ರಿ.ಶ. 248ರಲ್ಲಿ. ಅದಕ್ಕೆ ಸುಮಾರು ಎಪ್ಪತ್ತು ವರ್ಷಗಳ ಹಿಂದೆ ಸೆಲ್ಸಸನೆಂಬ ಗ್ರೀಕ್ ವಿದ್ವಾಂಸನು ಕ್ರೈಸ್ತಮತವನ್ನು ಖಂಡಿಸಿ ಒಂದು ಪುಸ್ತಕ ಬರೆದಿದ್ದನು. ಅದಕ್ಕೆ ಉತ್ತರ ಬರೆಯಬೇಕೆಂದು ಆರಿಜೆನನ ಆಶ್ರಯದಾತ ಅಂಬ್ರೋಸನು ಒತ್ತಾಯಿಸಿದನು. ಆರಿಜೆನನಿಗೆ ಮೊದಲು ಮನಸ್ಸಿರಲಿಲ್ಲ. ಸುಳ್ಳುಸಾಕ್ಷಿಗಳ ಮುಂದೆ ಯೇಸು ಮೌನವಾಗಿದ್ದನಲ್ಲವೇ ಎಂಬುದು ಅವನ ಮುನ್ನುಡಿಯ ಆರಂಭದ ವಿಚಾರ. ಕೊನೆಗೆ, ವಿಶ್ವಾಸದ ರುಚಿಯನ್ನೇ ಅರಿಯದವರಿಗಾಗಿಯೂ ವಿಶ್ವಾಸದಲ್ಲಿ ಬಲಹೀನರಾದವರಿಗಾಗಿಯೂ ಬರೆಯುತ್ತೇನೆಂದು ಅವನು ಒಪ್ಪಿಕೊಂಡನು.

ಈ ಕೃತಿಯ ಮೊದಲ ಹಿರಿಮೆ ಅದರ ವಿಧಾನದಲ್ಲಿದೆ. ಆರಿಜೆನನು ಎದುರಾಳಿಯ ವಾಕ್ಯಗಳನ್ನು ಒಂದೊಂದಾಗಿ ಎತ್ತಿ ಬರೆದು, ಬಳಿಕ ಉತ್ತರಿಸುತ್ತಾನೆ. ಸೆಲ್ಸಸನ ಮೂಲಗ್ರಂಥ ಇಂದು ಉಳಿದಿಲ್ಲ. ಅದರ ಬಹುಭಾಗ ನಮಗೆ ದೊರೆಯುವುದು ಅದನ್ನು ಖಂಡಿಸಿದವನ ಪುಟಗಳಲ್ಲಿಯೇ. ಎದುರಾಳಿಯ ಮಾತನ್ನು ದುರ್ಬಲಗೊಳಿಸಿ ಗೆಲ್ಲುವ ದಾರಿ ಅವನಿಗೆ ತೆರೆದಿತ್ತು. ಅವನು ಅದನ್ನು ಹಿಡಿಯಲಿಲ್ಲ.

ಎರಡನೆಯದು, ಪ್ರಶ್ನೆಯ ತೂಕವನ್ನು ಒಪ್ಪುವ ಪ್ರಾಮಾಣಿಕತೆ. ಪುನರುತ್ಥಾನಗೊಂಡ ಯೇಸು ತನಗೆ ಮರಣದಂಡನೆ ವಿಧಿಸಿದವರಿಗೇ ಏಕೆ ಕಾಣಿಸಿಕೊಳ್ಳಲಿಲ್ಲ ಎಂದು ಸೆಲ್ಸಸನು ಕೇಳುತ್ತಾನೆ. ಈ ಪ್ರಶ್ನೆ ಪ್ರೌಢ ವಿಶ್ವಾಸಿಗಳನ್ನೂ ಕಾಡಬಲ್ಲದೆಂದು ಆರಿಜೆನನು ಮೊದಲು ಒಪ್ಪುತ್ತಾನೆ. ರೂಪಾಂತರದ ಬೆಟ್ಟಕ್ಕೂ ಮೂವರನ್ನು ಮಾತ್ರ ಕರೆದೊಯ್ದದ್ದನ್ನು ನೆನಪಿಸಿ, ನೋಡುವವರ ಸಾಮರ್ಥ್ಯಕ್ಕೆ ತಕ್ಕಂತೆ ದರ್ಶನ ಎಂದು ವಾದಿಸುತ್ತಾನೆ. ಈ ಉತ್ತರ ಎಲ್ಲರನ್ನೂ ತೃಪ್ತಿಪಡಿಸದು. ಆದರೆ ಕೇಳಿದವನನ್ನು ಮೂರ್ಖನೆನ್ನದೆ ಪ್ರಶ್ನೆಯೊಳಗೇ ಹೊಕ್ಕು ಹುಡುಕಿದ ಉತ್ತರವಿದು.

ಇದೇ ಸಂಯಮ ಎಲ್ಲೆಡೆಯೂ ಇಲ್ಲ. ಪ್ಲೇಟೋವಾದಿಯಂತೆ ಬರೆಯುವ ಸೆಲ್ಸಸನಿಗೆ ಎಪಿಕ್ಯೂರಿಯನ್ ಎಂಬ ಹಣೆಪಟ್ಟಿ ಅಂಟಿಸಿ ಅವನ ಉದ್ದೇಶವನ್ನೇ ಶಂಕಿಸುವಲ್ಲಿ ಗೌರವ ಕುಂದುತ್ತದೆ. ಇದಕ್ಕಿಂತ ಗಂಭೀರವಾದ ಕೊರತೆ ಮೂರನೆಯ ಪುಸ್ತಕದಲ್ಲಿದೆ. ಉಣ್ಣೆಯ ಕೆಲಸದವರು, ಚಮ್ಮಾರರು, ಅಗಸರು, ಗುಲಾಮರು, ಹೆಂಗಸರು, ಮಕ್ಕಳು, ಇಂಥವರನ್ನೇ ಕ್ರೈಸ್ತರು ಸೆಳೆಯುತ್ತಾರೆಂಬುದು ಸೆಲ್ಸಸನ ಹೀಯಾಳಿಕೆ. ಆರಿಜೆನನು ಸೊಲೊಮೋನ, ದಾನಿಯೇಲ ಮೊದಲಾದ ಜ್ಞಾನಿಗಳನ್ನು ಮುಂದಿಡುತ್ತಾನೆ. ಜ್ಞಾನಿಗಳು ಅನೇಕರಿಲ್ಲವೆಂದು ಪೌಲನು ಹೇಳಿದನೇ ಹೊರತು ಒಬ್ಬರೂ ಇಲ್ಲವೆಂದಲ್ಲ ಎಂದು ಸೂಕ್ಷ್ಮವಾಗಿ ತೋರಿಸುತ್ತಾನೆ. ಸಾಮಾನ್ಯರ ಬಾಳು ಸುವಾರ್ತೆಯಿಂದ ಸುಧಾರಿಸಿದೆಯೆಂದೂ ಹೇಳುತ್ತಾನೆ. ಆದರೆ 1 ಕೊರಿಂಥ 1ರಲ್ಲಿ ಪೌಲನ ಒತ್ತು ಬೇರೆಯೇ: ಲೋಕವು ಕೀಳೆಂದದ್ದನ್ನು ದೇವರು ಆರಿಸಿಕೊಂಡನು. ಆರಿಜೆನನ ಪುಟಗಳಲ್ಲಿ ಆ ಚಮ್ಮಾರನು ಗುಣ ಹೊಂದಬೇಕಾದ ರೋಗಿಯಾಗಿಯೇ ಉಳಿಯುತ್ತಾನೆ, ಸಾಕ್ಷಿಯಾಗುವುದಿಲ್ಲ.

ಈ ಕೊರತೆ ನಮಗೆ ಅಪರಿಚಿತವಲ್ಲ. ನಿಮ್ಮ ಹಿರಿಯರು ಅನ್ನಕ್ಕಾಗಿ ತಾನೆ ಮತ ಬದಲಿಸಿದ್ದು ಎಂಬ ಪ್ರಶ್ನೆ ಕರ್ನಾಟಕದ ಸಭೆಗಳಿಗೂ ಎದುರಾಗುತ್ತದೆ. ಆಗ ನಾವು 1843ರ ‘ಮಂಗಳೂರ ಸಮಾಚಾರ’ವನ್ನೂ 1894ರ ಕಿಟೆಲ್ ನಿಘಂಟನ್ನೂ ಶಾಲೆ ಆಸ್ಪತ್ರೆಗಳನ್ನೂ ಪಟ್ಟಿ ಮಾಡುತ್ತೇವೆ. ಪಟ್ಟಿಯೇನೋ ನಿಜ; ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಹಸಿದವರೂ ಬಂದರು, ಅವಮಾನಿತರೂ ಬಂದರು. ತಮ್ಮ ಹಿತವನ್ನೂ ಸತ್ಯವನ್ನೂ ವಿವೇಚಿಸುವ ಶಕ್ತಿ ಅವರಿಗೂ ಇತ್ತು. ಅವರು ಬಂದದ್ದರಿಂದ ಸುವಾರ್ತೆಗೆ ಕಳಂಕವಿಲ್ಲ. ಹೀಗೆ ಹೇಳಲು ನಾವೇಕೆ ಹಿಂಜರಿಯಬೇಕು? ಹೇಳುವುದಾದರೆ, ಸಭೆಯೊಳಗೆ ಇನ್ನೂ ಅಳಿಯದ ಜಾತಿಯ ಗೆರೆಗೂ ನಾವೇ ಲೆಕ್ಕ ಕೊಡಬೇಕಾಗುತ್ತದೆ.

ಈ ಗ್ರಂಥವನ್ನು ನಮ್ಮ ದೇವಜ್ಞಾನ ವಿದ್ಯಾರ್ಥಿಗಳು ಸಿದ್ಧ ಉತ್ತರಗಳ ಭಂಡಾರವೆಂದು ಓದಬಾರದು. ಪ್ರಶ್ನೆಯನ್ನು ಪೂರ್ತಿಯಾಗಿ ಬರೆದುಕೊಳ್ಳುವ ಶಿಸ್ತನ್ನು ಆರಿಜೆನನಿಂದ ಕಲಿಯಬೇಕು. ಯಾರನ್ನು ಕುರಿತು ಪ್ರಶ್ನೆ ಬಂದಿದೆಯೋ ಅವರ ಪಕ್ಕದಲ್ಲಿ ನಿಂತು ಉತ್ತರಿಸುವುದನ್ನು ಪೌಲನಿಂದ ಕಲಿಯಬೇಕು.