ಕುಲದ ಹಾಡಿಗೆ ಕುಂಚ ಕೊಟ್ಟವರು

ದೆಹಲಿಯ ಲಕ್ಷ್ಮೀ ನಗರದಿಂದ ಮೆಟ್ರೋ ಹತ್ತಿ ಯಮುನೆ ದಾಟಿದರೆ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯ ದೂರವಲ್ಲ. 1998ರಲ್ಲಿ ಜ್ಯೋತೀಂದ್ರ ಜೈನ್ ಅಲ್ಲಿ ಏರ್ಪಡಿಸಿದ ‘ಅದರ್ ಮಾಸ್ಟರ್ಸ್’ ಪ್ರದರ್ಶನದ ಐವರು ಕಲಾವಿದರಲ್ಲಿ ಮಧ್ಯಪ್ರದೇಶದ ಪಾಟನ್‌ಗಢದ ಜಂಗಢ್ ಸಿಂಗ್ ಶ್ಯಾಮ್ ಒಬ್ಬರು. ಅವರ ಚಿತ್ರಗಳ ಚುಕ್ಕಿ, ಗೆರೆಗಳ ನಯವನ್ನು ಎಲ್ಲರೂ ಹೊಗಳುತ್ತಾರೆ. ಆ ಗೆರೆಗಳ ಹಿಂದಿರುವ ಮನೆತನದ ಹಾಡು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ.

ಜಂಗಢ್ ಪರಧಾನ ಸಮುದಾಯದವರು. ಗೊಂಡ ಬುಡಕಟ್ಟಿನವರ ಮನೆಗಳಿಗೆ ಹೋಗಿ, ಬಾನಾ ಎಂಬ ತಂತಿವಾದ್ಯ ನುಡಿಸುತ್ತ ಅವರ ಹಿರಿಯ ದೇವರಾದ ಬಡಾದೇವನ ಕಥೆಯನ್ನೂ ಆ ಮನೆಯ ವಂಶದ ಕಥೆಯನ್ನೂ ಹಾಡುವುದು ಪರಧಾನರ ಕುಲವೃತ್ತಿ. ದೈವದ ಕಥೆಯ ಹಾಡಾದ ಪಾಡ್ದನ ಹೇಳುವ ಪಂಬದ, ಪರವ, ನಲಿಕೆಯವರನ್ನೂ ಅವರನ್ನು ಕರೆಸುವ ಗುತ್ತಿನ ಮನೆಗಳನ್ನೂ ಬಲ್ಲ ಕರಾವಳಿಯವರಿಗೆ ಈ ನಂಟು ಹೊಸದಲ್ಲ. ಹಾಡಿಸುವವರು ಕಡಿಮೆಯಾದಂತೆ ಪರಧಾನರ ಹಾಡು ಸೊರಗಿತು. 1980ರ ದಶಕದ ಆರಂಭದಲ್ಲಿ ಚಿತ್ರಕಲಾವಿದ ಜೆ. ಸ್ವಾಮಿನಾಥನ್ ಅವರ ಬಳಗ ಭೋಪಾಲದ ಭಾರತ ಭವನಕ್ಕೆ ಕರೆತಂದ ಯುವಕ ಜಂಗಢ್ ಅದನ್ನು ಕಾಗದಕ್ಕೆ ಇಳಿಸಿದರು. ಹಾಡಿನಲ್ಲಷ್ಟೇ ಬದುಕಿದ್ದ ದೇವರುಗಳಿಗೆ ಮೈ ಬಂತು. ಜಿಂಕೆಯ ಕೊಂಬು ಮರವಾಗಿ ಚಿಗುರುತ್ತದೆ. ಒತ್ತೊತ್ತಾದ ಚುಕ್ಕಿಗಳಿಂದ ನಿಂತ ಆಕೃತಿಯಲ್ಲೂ ಆವೇಶದ ನಡುಕ ಕಾಣುತ್ತದೆ.

ಇಂಥ ಮನೆತನದ ಕಥೆಯನ್ನು ಹೊರಗಿನವರು ಚಿತ್ರಿಸಿದರೆ ಏನಾಗುತ್ತದೆ? ಕೆನಡಾದ ಚಿತ್ರಕಲಾವಿದೆ ಎಮಿಲಿ ಕಾರ್ 1912ರಲ್ಲಿ ಹೈಡಾ ಮುಂತಾದ ಮೂಲನಿವಾಸಿಗಳ ಊರುಗಳಿಗೆ ಹೋಗಿ ಕುಲಚಿಹ್ನೆಗಳನ್ನು ಕೆತ್ತಿದ ಟೋಟೆಮ್ ಕಂಬಗಳನ್ನು ಚಿತ್ರಿಸಿದರು. ಕಂಬದ ಮೇಲಿನ ಕರಡಿ, ತಿಮಿಂಗಿಲಗಳು ಆಯಾ ಮನೆತನದ ಸ್ವತ್ತು. ಅವುಗಳ ಕಥೆ ಹೇಳುವ ಹಕ್ಕೂ ಅವರದೇ. ಕಾರ್ ಅವರ ಗೌರವ ನಿಜವಾದದ್ದು, ಅವರ ದಾಖಲೆ ಅಮೂಲ್ಯ. ಆದರೂ ಅವರ ಚಿತ್ರಗಳಲ್ಲಿ ಕಂಬ ಕಾಣುತ್ತದೆಯೇ ಹೊರತು ಅದರ ಕಥೆ ಕೇಳಿಸುವುದಿಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಿಂದ ದೆಹಲಿಯ ಅದೇ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಬಂದ ಮರದ ಭೂತಗಳ ಸ್ಥಿತಿಯೂ ಅದೇ: ಕೆತ್ತನೆಯ ಬಲ ಅಪಾರ, ಆದರೆ ದೈವದ ಕೋಲವಿಲ್ಲ, ನುಡಿಯಿಲ್ಲ. ಜಂಗಢ್ ಚಿತ್ರದಲ್ಲಿ ಕಥೆ ಹೇಳುವ ಹಕ್ಕು ಮತ್ತು ಕುಂಚ ಒಂದೇ ಕೈಯಲ್ಲಿವೆ. ಅದೇ ಅವರ ಹಿರಿಮೆ.

2001ರಲ್ಲಿ ಜಂಗಢ್ ಜಪಾನಿನಲ್ಲಿ ತೀರಿಕೊಂಡರು. ಪತ್ನಿ ನನ್ಕುಸಿಯಾ, ಮಕ್ಕಳಾದ ಮಯಂಕ್, ಜಪಾನಿ, ಸಂಬಂಧಿ ವೆಂಕಟ್ ಅದೇ ದಾರಿಯಲ್ಲಿ ತಮ್ಮದೇ ಶೈಲಿ ಕಂಡುಕೊಂಡರು. ಮಾರುಕಟ್ಟೆ ಮಾತ್ರ ಚುಕ್ಕಿಗಳನ್ನು ಸೀರೆಗೆ, ಕಪ್ಪಿಗೆ ಅಂಟಿಸಿ ಕಥೆಯನ್ನು ಕೈಬಿಟ್ಟಿದೆ. ಆ ಚುಕ್ಕಿಗಳು ಬರಿಯ ಅಲಂಕಾರವಾಗದಿರಬೇಕಾದರೆ ಪ್ರತಿ ಚಿತ್ರದ ಪಕ್ಕದಲ್ಲೂ ಕಲಾವಿದರ ಹೆಸರಿನ ಜೊತೆಗೆ ಕುಲದ ಹೆಸರು, ದೇವರ ಕಥೆ ಇರಲೇಬೇಕು.