ಕೆಳಗಿನಿಂದ ಓದುವ ಕಲ್ಲು

ಗದಗ, ಲಕ್ಷ್ಮೇಶ್ವರದ ಸುತ್ತಿನ ಹಳ್ಳಿಗಳಲ್ಲಿ ಗುಡಿಯ ಮಗ್ಗುಲಿಗೆ ವೀರಗಲ್ಲು ನಿಂತಿರುವುದು ಅಪರೂಪವಲ್ಲ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಯಲ್ಲಿ ಕಾಳಗ: ಕುದುರೆ, ಬಿಲ್ಲು, ಕೆಲವು ಕಲ್ಲುಗಳಲ್ಲಿ ವೈರಿಗಳು ಅಟ್ಟಿಕೊಂಡು ಹೊರಟ ದನಗಳು. ನಡುವೆ ಅಪ್ಸರೆಯರು ವೀರನನ್ನು ಒಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕುಳಿತಿದ್ದಾನೆ; ನೆತ್ತಿಯಲ್ಲಿ ಸೂರ್ಯ, ಚಂದ್ರ.

ನನ್ನ ಕಣ್ಣು ನಿಲ್ಲುವುದು ಕೆಳಪಟ್ಟಿಯಲ್ಲೇ. ಗೇಣಗಲದ ಜಾಗದಲ್ಲಿ ಎಂಥ ನೂಕುನುಗ್ಗಲು! ಬಿದ್ದವರನ್ನು ದಾಟಿ ಕತ್ತಿ ಎತ್ತಿದವನ ಮೈಬಾಗು, ಸೊಂಟದ ಬಿಗಿತ, ಯಾವುದನ್ನೂ ಶಿಲ್ಪಿ ಬಿಟ್ಟಿಲ್ಲ. ಊರ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯ ಆಳಿಗೂ ಇಷ್ಟು ಅಕ್ಕರೆ ಸಂದಿದೆ, ಅದೇ ದೊಡ್ಡದು.

1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರೆದುರು ಮಡಿದ, ಇದೇ ಸೀಮೆಯ ಮುಂಡರಗಿ ಭೀಮರಾಯನ ಹೆಸರು ಉಳಿದಿದೆ. ಅವನೊಡನೆ ಬಿದ್ದ ಒಬ್ಬೊಬ್ಬರಿಗೂ ಇಂಥದೊಂದು ಕಲ್ಲು ನಿಲ್ಲಬೇಕಿತ್ತು.